ಹಂದಿಯ ಸೂಜಿ, ಸಂಘದ ಸೌಟು

ಹೊರದೇಶದ ಸ್ಕೋಫೀಲ್ಡ್ಸಿನಲ್ಲಿ ನೆಲೆಸಿದ ಸ್ವರ್ಣಲತಾ ಬೆಳಕು ಹರಿಯುವ ಮೊದಲೇ ಕಾರು ಹತ್ತಿ ಊರಾಚೆಯ ಹಂದಿ ಫಾರ್ಮಿಗೆ ಹೋಗುತ್ತಾಳೆ. ಮಾರುಕಟ್ಟೆಗೆ ಹೊರಡಲಿರುವ ಹಂದಿಗಳ ಕಿವಿಯ ಹಿಂದೆ ದಿನಕ್ಕೊಂದು ಸೂಜಿ ಚುಚ್ಚುವುದು ಅವಳ ಕೆಲಸ. ಸೂಜಿಯಲ್ಲಿ ಬೆಳವಣಿಗೆಯ ಹಾರ್ಮೋನು. ಕೊನೆಯ ಕೆಲವು ವಾರ ಅದು ಮೈಗೆ ಹೋದರೆ ಹಂದಿಗೆ ಕೊಬ್ಬು ಕಮ್ಮಿ, ಮಾಂಸ ಜಾಸ್ತಿ. ಹಂದಿ ಕೊಸರಿದರೆ ತುಳುವಿನಲ್ಲಿ ಬೈಯುತ್ತಾಳೆ. ಈಗೀಗ ಹಂದಿಗಳಿಗೂ ತುಳು ಬರುತ್ತದೆ ಎಂದು ಗಂಡ ತುಷಾರ್ ಹೇಳುತ್ತಾನೆ.

ಕಾರ್ಕಳದ ಈ ಹೆಂಗಸು ಬಯೋಟೆಕ್ ಕಂಪನಿಯಲ್ಲಿದ್ದಾಳೆ ಎಂದು ಅಲ್ಲಿನ ಕನ್ನಡ ಸಂಘದವರು ನಂಬಿದ್ದಷ್ಟು ಕಾಲ ಹಬ್ಬದೂಟದಲ್ಲಿ ಅವಳ ನೀರ್ದೋಸೆಗೆ ಕ್ಯೂ ಇತ್ತು. ಮಗಳು ನಿರೀಕ್ಷಾ ಒಂದು ಬರ್ತ್‌ಡೇ ಪಾರ್ಟಿಯಲ್ಲಿ, "ಮೈ ಮಮ್ ಜ್ಯಾಬ್ಸ್ ಪಿಗ್ಸ್!" ಅಮ್ಮ ಹಂದಿಗೆ ಸೂಜಿ ಚುಚ್ಚುತ್ತಾಳೆ ಎಂದು ಹೆಮ್ಮೆಯಿಂದ ಸಾರಿದ್ದೇ ತಡ, ಮುಂದಿನ ಹಬ್ಬದೂಟಕ್ಕೆ ಸಂಘದ ಅಧ್ಯಕ್ಷ ಭಾಸ್ಕರ ಸ್ವರ್ಣಲತಾಳನ್ನು ಅಡುಗೆಮನೆಯಿಂದ ಎಬ್ಬಿಸಿ ಬಾಗಿಲಾಚೆ ಪೇಪರ್ ತಟ್ಟೆ ಹಂಚಲು ನಿಲ್ಲಿಸಿದ. "ಹೈಜೀನ್ ಇಶ್ಯೂ" ಅಂದ. ಸಮುದ್ರ ದಾಟಿದರೂ ಪಂಕ್ತಿ ದಾಟದ ಜನ. ಮಡಿಗೊಂದು ಇಂಗ್ಲಿಷ್ ಹೆಸರಿಟ್ಟರೆ ಆಯಿತು. ಸ್ವರ್ಣಲತಾಗೆ ಸನ್ಮಾನ ಬೇಕಿರಲಿಲ್ಲ, ಆ ಒಲೆಯ ಮುಂದಿನ ಜಾಗ ವಾಪಸು ಬೇಕಿತ್ತು.

ಈ ಸಲದ ಯುಗಾದಿಗೆ ಪ್ಯಾರಮಟ್ಟಾದ ಹಾಲ್‌ನಲ್ಲಿ ಊಟ. ಅಡುಗೆಮನೆಯ ಬಾಗಿಲಾಚೆ ನಿಂತಿದ್ದ ಅವಳ ಹತ್ತಿರ ಭಾಸ್ಕರ ಹೊಟ್ಟೆ ಎಳೆದುಕೊಂಡು ಬಂದ.

"ಸ್ವರ್ಣಾ ಅವ್ರೇ, ಆ ಇಂಜೆಕ್ಷನ್ ಒಂದೆರಡು ಸಿಗುತ್ತಾ? ಫ್ಯಾಟ್ ಕರಗಿಸುತ್ತಂತಲ್ಲ. ಆಫೀಸಲ್ಲಿ ಫಿಟ್‌ನೆಸ್ ಚಾಲೆಂಜ್ ಇದೆ."

"ನಿಮಗಾ? ಅದು ಹಂದಿದ್ದು ಮಾರಾಯ್ರೆ!"

"ಮೆಲ್ಲಗೆ, ಮೆಲ್ಲಗೆ. ಗೂಗಲ್ ಮಾಡ್ದೆ. ಲ್ಯಾಬಲ್ಲಿ ಬ್ಯಾಕ್ಟೀರಿಯಾ ಕೈಲಿ ಮಾಡಿಸ್ತಾರಂತೆ. ಒಳಗೆ ಹಂದಿನೇ ಇಲ್ಲ ಅಂದ್ಮೇಲೆ, ಟೆಕ್ನಿಕಲಿ ವೆಜ್ಜೇ ಅಲ್ವಾ?"

ಸ್ವರ್ಣಲತಾ ಹಂದಿ ಶೆಡ್ಡಿನಲ್ಲಿ ಕೂಗುವ ಗಂಟಲು ತೆಗೆದಳು. "ವೆಜ್ಜೇ ಭಾಸ್ಕರಣ್ಣ! ಆದ್ರೆ ಕದ್ದು ಕೊಟ್ರೆ ನನ್ನ ಕೆಲಸ ಹೋಗ್ತದೆ. ಮತ್ತೆ ಅದು ಮನುಷ್ಯರಿಗೆ ಹತ್ತುದಿಲ್ಲ, ಹಂದಿಗೆ ಮಾತ್ರ. ನಿಮಗೆ ಹತ್ತಿದ್ರೆ ನೀವು ಯಾವ ಜಾತಿ ಅಂತ ಎಲ್ಲರಿಗೂ ಗೊತ್ತಾಗ್ತದೆ!"

ಒಳಗೆ ತರಕಾರಿ ಹೆಚ್ಚುವ ಸದ್ದು ನಿಂತಿತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ, ಅಡುಗೆಯ ಉಸ್ತುವಾರಿ ಹೊತ್ತ ಮಹಾಶ್ವೇತಾ ನಗು ತಡೆಯಲಾರದೆ ಸೌಟು ಹಿಡಿದೇ ಹೊರಗೆ ಬಂದಳು.

"ಅಲ್ರೀ ಭಾಸ್ಕರ್, ನೀವು ಮೈಯೊಳಗೆ ಚುಚ್ಚಿಸ್ಕೊಂಡ್ರೆ ಫಿಟ್‌ನೆಸ್ಸು, ಇವಳು ಬರೀ ಕೈಯಲ್ಲಿ ಮುಟ್ಟಿದ್ರೆ ಹೈಜೀನಾ? ನೀವು ಇಲ್ಲೇ ನಿಂತು ಹೊಟ್ಟೆ ಕರಗಿಸಿ. ಸ್ವರ್ಣಾ, ಬಾ ಒಳಗೆ."

"ಕೈ ತೊಳೀಬೇಕಾ?" ಸ್ವರ್ಣಲತಾ ಹೊಸ್ತಿಲಲ್ಲೇ ನಿಂತು ಕುಟುಕಿದಳು.

"ಎಲ್ರೂ ತೊಳೀತೀವಿ, ನೀನೂ ತೊಳ್ಕೋ. ಬೇಗ ಬಾರೇ, ಹುಳಿ ತಳ ಹಿಡೀತಿದೆ."