ಪೆಟ್ಟಿಗೆ ತೆರೆಯುವ ಮುಂಚೆ

ವೆನಿಸಾ ಸ್ಟಾಕ್‌ಹೋಮಿನ ಒಂದು ಪ್ರಯೋಗಾಲಯದಲ್ಲಿ ಆರು ವರ್ಷ, ಬೆಳಕನ್ನು ಗುರುತಿಸುವ ಗಾಜಿನ ಬುರುಡೆಗಳ ನಾಡಿ ಹಿಡಿದು ನೋಡಿದವಳು. ಕತ್ತಲೆ ಕೋಣೆಯಲ್ಲಿ ಒಂದೊಂದಕ್ಕೂ ಮಿಣುಕು ಬೆಳಕು ತೋರಿಸಿ, ಅದು ಎಷ್ಟು ತಡವಾಗಿ ಉತ್ತರಿಸುತ್ತದೆಂದು ಬರೆದುಕೊಳ್ಳುವುದೇ ಕೆಲಸ. ಆ ಬುರುಡೆಗಳು ಆಮೇಲೆ ದೂರದ ಗಣಿಯೊಂದರ ಆಳದಲ್ಲಿ ಕೂತು ನ್ಯೂಟ್ರಿನೋ ಕಣಗಳಿಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವು. ಭೂಮಿಯನ್ನೇ ತೂರಿ ಬರುವ ಈ ಕಣಗಳು ದಾರಿಯಲ್ಲಿ ವೇಷ ಬದಲಿಸುತ್ತವೆ. ಅವುಗಳ ಪ್ರತಿರೂಪವಾದ ಆಂಟಿನ್ಯೂಟ್ರಿನೋಗಳೂ ಅಷ್ಟೇ ಬದಲಿಸುತ್ತವೆಯೇ ಎಂಬುದು ಪ್ರಶ್ನೆ.

ಅಲ್ಲಿ ಒಂದು ಕಟ್ಟುನಿಟ್ಟಿತ್ತು. ಲೆಕ್ಕ ಹಾಕುವ ಕ್ರಮ ಪೂರ್ತಿ ಗಟ್ಟಿಯಾಗುವ ತನಕ ಯಾರೂ ಉತ್ತರ ನೋಡುವಂತಿಲ್ಲ. ನೋಡಿದರೆ ಮನಸ್ಸು ತನಗೆ ಬೇಕಾದ ಕಡೆ ವಾಲುತ್ತದೆ. ಹಾಗಾಗಿ ಉತ್ತರವನ್ನು ಕಂಪ್ಯೂಟರಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಅದಕ್ಕೆ ಪೆಟ್ಟಿಗೆ ಎಂದೇ ಹೆಸರು. 2008ರ ಮಾರ್ಚ್‌ನ ಒಂದು ಶುಕ್ರವಾರ ಪೆಟ್ಟಿಗೆ ತೆರೆಯುವುದೆಂದು ನಿಶ್ಚಯವಾಯಿತು. ವೆನಿಸಾಳ ಊರ ಕಡೆಯವನೇ ಆದ, ಉಡುಪಿಯಿಂದ ಬಂದ ಪ್ರಜ್ಞೇಶನ ಡಾಕ್ಟರೇಟ್ ಅದರ ಮೇಲೇ ನಿಂತಿತ್ತು. ವೆನಿಸಾಳ ನೌಕರಿ ಕಾಯಂ ಆಗುವ ಕಾಗದವೂ ಅದೇ ವಾರ ಬರಬೇಕಿತ್ತು.

ಬುಧವಾರ ಹಳೆಯ ನೋಟ್‌ಬುಕ್ ತಿರುವುವಾಗ ತನ್ನದೇ ಒಂದು ತಪ್ಪು ಅವಳ ಕಣ್ಣಿಗೆ ಬಿತ್ತು. ಮೂರು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ ಅಲ್ಲಿನವರು ಆಚರಿಸುವ ಲೂಸಿಯಾ ಹಬ್ಬದ ದಿನ, ಕೇಸರಿ ಬನ್ ತಿನ್ನಲು ಎಲ್ಲರೂ ಕರೆಯುತ್ತಿದ್ದ ಅವಸರದಲ್ಲಿ, ಹದಿನೆಂಟು ಬುರುಡೆಗಳನ್ನು ಗಿಡ್ಡ ಕೇಬಲ್ಲಿನ ಬದಲು ಉದ್ದದ ಕೇಬಲ್ಲಿಗೆ ಸಿಕ್ಕಿಸಿ ಅಳೆದಿದ್ದಳು; ಹಾಗಾಗಿ ಬರೆದುಕೊಂಡ ಹೊತ್ತೆಲ್ಲ ತಪ್ಪಿತ್ತು. ಹೊತ್ತು ತಪ್ಪಿದರೆ ಕಣ ಬಂದ ದಿಕ್ಕೂ ತಪ್ಪು, ದೂರವೂ ತಪ್ಪು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಸಂಕಟವಾದದ್ದು ಅದಕ್ಕೇ.

ಎಲ್ಲರೂ ಫೀಕಾ ಎಂದು ಕಾಫಿಗೆ ಕೂಡುವ ಹೊತ್ತಿನಲ್ಲಿ ಪ್ರಜ್ಞೇಶನನ್ನು ಬದಿಗೆ ಕರೆದು ಹೇಳಿದಳು.

“ಅಕ್ಕ, ಶುಕ್ರವಾರ ಆದ್ಮೇಲೆ ಹೇಳಿದ್ರೆ ಆಗಲ್ವಾ?” ಅವನ ಮುಖ ಬಾಡಿತ್ತು.

“ಆಮೇಲೆ ಹೇಳಿದ್ರೆ, ಉತ್ತರ ಇಷ್ಟ ಆಗ್ಲಿಲ್ಲ ಅದಕ್ಕೇ ತಪ್ಪು ಹುಡುಕಿದ್ರು ಅಂತಾರೆ ಮಾರಾಯ. ಈಗ ಹೇಳಿದ್ರೆ ಅದು ಬರೀ ತಪ್ಪು.”

ಇಬ್ಬರೂ ಮುಖ್ಯಸ್ಥೆ ಬಿರ್ಗಿಟ್ಟಾಳ ಬಳಿ ಹೋದರು. ಆಕೆ ನೋಟ್‌ಬುಕ್ ಓದಿ, ಕ್ಯಾಲೆಂಡರಿನಲ್ಲಿ ಶುಕ್ರವಾರವನ್ನು ಹೊಡೆದುಹಾಕಿದಳು. ಬೈಯಲಿಲ್ಲ. ಸ್ವೀಡನ್ನಿನವರು ಬೈಯದೆ ಇದ್ದಾಗಲೇ ನಮ್ಮವರಿಗೆ ಭಯ ಹೆಚ್ಚು.

ಆರು ವಾರ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದರು. ಕಾಗದದ ಸುದ್ದಿಯೇ ಇಲ್ಲ. ಪೆಟ್ಟಿಗೆ ತೆರೆಯುವ ದಿನ ವೆನಿಸಾ ಹಿಂದಿನ ಸಾಲಿನಲ್ಲಿ ಮುದುಡಿ ಕೂತಳು. ಬಿರ್ಗಿಟ್ಟಾ ಅವಳನ್ನೇ ಮುಂದೆ ಕರೆದಳು.

“ಕೊನೆಯ ತಪ್ಪು ಹುಡುಕಿದವರೇ ಇಲ್ಲಿ ಬೀಗ ತೆಗೆಯೋದು.”

ವೆನಿಸಾ ಗುಂಡಿ ಒತ್ತಿದಳು. ನ್ಯೂಟ್ರಿನೋದ ಗೆರೆಯ ಮೇಲೆ ಆಂಟಿನ್ಯೂಟ್ರಿನೋದ ಗೆರೆ ಅಚ್ಚುಕಟ್ಟಾಗಿ ಕೂತಿತು. ಎರಡೂ ಒಂದೇ ರೀತಿ ವೇಷ ಬದಲಿಸುತ್ತವೆ, ಹೊಸದೇನೂ ಸಿಗಲಿಲ್ಲವೆಂದು ಕೆಲವರು ಪೆಚ್ಚಾದರು. ಪ್ರಜ್ಞೇಶ್ ಮಾತ್ರ ಎರಡು ತುಂಡು ಕೇಕ್ ತಿಂದ. ವೆನಿಸಾಳಿಗೆ ಆರು ವಾರಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಮೇ ತಿಂಗಳಲ್ಲಿ ಕಾಗದ ಬಂತು. ಕಾಯಂ ಮಾಡಲು ಕಾರಣ ಎಂಬ ಕಡೆ ಒಂದೇ ಸಾಲು: ತನ್ನ ತಪ್ಪನ್ನು ತಾನೇ ತಂದುಕೊಟ್ಟಿದ್ದಾಳೆ. ವೆನಿಸಾ ಅದನ್ನು ಮಡಚಿ, ನೋಟ್‌ಬುಕ್ಕಿನ ಲೂಸಿಯಾ ದಿನದ ಪುಟದಲ್ಲಿ ಇಟ್ಟಳು.