ಕಾವಲಿನ ಒಂಬತ್ತು ಹಸಿರು ಮಚ್ಚೆಗಳು

ತಾಳ್ಯದಾಚೆಯ ಕಾವಲಿನಲ್ಲಿ, ಅಂದರೆ ಕುರಿ ಮೇಯುವ ಹುಲ್ಲುಗಾವಲಿನಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಯಶೀಲಾ ಮೊಬೈಲನ್ನು ಮುಂದೆ ಹಿಡಿದು ಎಡಕ್ಕೆ ಎರಡು ಹೆಜ್ಜೆ ಇಡುತ್ತಾರೆ, ನಿಲ್ಲುತ್ತಾರೆ, ಮತ್ತೆ ಒಂದು ಹೆಜ್ಜೆ ಹಿಂದಕ್ಕೆ. ಪರದೆಯ ಚುಕ್ಕಿ ಸರಿಯಾದ ಜಾಗದಲ್ಲಿ ಕೂತ ಮೇಲೆ ನಾಲ್ಕು ದಿಕ್ಕಿಗೆ ಒಂದೊಂದು ಫೋಟೋ, ಕಾಲಡಿಯ ನೆಲದ್ದು ಇನ್ನೊಂದು. ದಾರಿಯಲ್ಲಿ ಹಾದುಹೋಗುವ ಬೇರೆ ಊರಿನ ಕುರಿಯವನೊಬ್ಬ ದೂರದಿಂದ ಕೂಗುತ್ತಾನೆ: "ಏನಮ್ಮಾ, ಫ್ಯಾನಿನ ಕಂಪನಿಯೋಳಾ ನೀನು?" ಫ್ಯಾನು ಎಂದರೆ ಇಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರ.

"ಅಲ್ಲ ಕಣಣ್ಣ, ಹುಲ್ಲು ನೋಡಾಕೆ ಬಂದೀನಿ."

"ಹುಲ್ಲು ನೋಡಾಕೆ ಸಂಬಳ ಕೊಡ್ತಾರಾ? ಯಾರಿಗೆ ಹೇಳ್ತೀಯ!"

ನಿಜ ಹೇಳುತ್ತೇನೆ, ನನಗೂ ಅದೇ ಅನುಮಾನ. ಪತ್ರಿಕೆಗೆ ಬರೆಯಲೆಂದು ಇವರ ಹಿಂದೆ ಮೂರು ದಿನ ಅಲೆದದ್ದೇ ಆ ಅನುಮಾನಕ್ಕೆ. ಕಾವಲಿಗೆ ಬಂದು ಫೋಟೋ ತೆಗೆದುಕೊಂಡು ಹೋದವರ ಹಿಂದೆಯೇ ಬೇಲಿ ಬಂದದ್ದನ್ನು ಈ ಸೀಮೆಯವರು ಎಷ್ಟು ಸಲ ನೋಡಿಲ್ಲ?

ಜಯಶೀಲಾ ಶ್ರೀರಾಂಪುರದವರು. ವಯಸ್ಸು ಮೂವತ್ತೊಂಬತ್ತು, ಓದಿದ್ದು ಪಿಯುಸಿ. ಮೊದಲು ಹೊಲಿಗೆ, ಆಮೇಲೆ ಮನೆಮನೆ ಸಮೀಕ್ಷೆ, ಈಗ ಆರು ವರ್ಷದಿಂದ ಒಂದು ಖಾಸಗಿ ಸಂಶೋಧನಾ ಸಂಸ್ಥೆಯಲ್ಲಿ ಗುತ್ತಿಗೆ ಕೆಲಸ. ಉಪಗ್ರಹದ ಚಿತ್ರ ನೋಡಿ ಇದು ಹೊಲ, ಇದು ಹುಲ್ಲು, ಇದು ಕುರುಚಲು ಎಂದು ಚಿತ್ರದುರ್ಗದ ಕಚೇರಿಯ ಕಂಪ್ಯೂಟರು ಊಹಿಸುತ್ತದೆ. ಆ ಊಹೆ ಸರಿಯೋ ತಪ್ಪೋ ಎಂದು ಯಾರಾದರೂ ಹೋಗಿ ನೋಡಬೇಕಲ್ಲ? ಹಾಗೆ ನೋಡುವವರು ಇವರು. ನಕ್ಷೆಯ ಒಂದೊಂದು ಚೌಕ ಹತ್ತು ಮೀಟರು. ದಿನಕ್ಕೆ ಹದಿನಾಲ್ಕು ಚೌಕ, ಹನ್ನೆರಡು ಕಿಲೋಮೀಟರು ನಡಿಗೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೇರಿ ಈ ಹಂಗಾಮಿಗೆ ಆರುನೂರ ನಲವತ್ತು ಚೌಕ. ನಕ್ಷೆ ಅಚ್ಚಾದಾಗ ಇವರ ಹೆಸರು ಮೂಲೆಯಲ್ಲೂ ಇರುವುದಿಲ್ಲ.

ಬೈಗುಳ ಮಾತ್ರ ಎಲ್ಲ ಕಡೆಯೂ ಸಿಗುತ್ತದೆ. ಹಿರಿಯೂರಿನ ಹತ್ತಿರ ತೆಂಗಿನ ತೋಟದವನೊಬ್ಬ ಇವರನ್ನು ಎರಡು ತಾಸು ಪಂಪ್‌ಹೌಸಿನಲ್ಲಿ ಕೂಡಿಹಾಕಿದ್ದ. ಫೋಟೋ ಜಾಗ ಮೂವತ್ತು ಮೀಟರು ಆಚೀಚೆಯಾದರೆ ಕಚೇರಿಯಿಂದ ಫೋನು: ಮನೆಯಲ್ಲೇ ಕೂತು ಮಾಹಿತಿ ತುಂಬಿದಿರಾ?

"ಊರೋರಿಗೆ ನಾನು ಕಂಪನಿಯೋಳು, ಕಂಪನಿಯೋರಿಗೆ ನಾನು ಕಳ್ಳಿ," ಎಂದು ನಗುತ್ತಾರೆ ಜಯಶೀಲಾ. "ನಾನೂ ಏನು ಕಮ್ಮಿ ಇಲ್ರಿ. ಆ ಚಿತ್ರ ಏನ್ ಹೇಳಿದ್ರೂ ನಾನು ನಂಬಲ್ಲ."

ನಂಬದೆ ಇದ್ದದ್ದಕ್ಕೇ ಈ ಕಾವಲು ಉಳಿಯುವ ಮಾತು ಬಂದದ್ದು. ಡಿಸೆಂಬರಿನ ಚಿತ್ರದಲ್ಲಿ ಹುಲ್ಲೆಲ್ಲ ಒಣಗಿ ಕಂದಾಗಿದ್ದಾಗ, ನಡುವೆ ಒಂಬತ್ತು ಕಡೆ ಹಸಿರು ಮಚ್ಚೆ. ಕಂಪ್ಯೂಟರು ಅವನ್ನು ಸಾಗುವಳಿ ಎಂದಿತು. ಕಾವಲಿನಲ್ಲಿ ಸಾಗುವಳಿ ಎಂದರೆ ಒತ್ತುವರಿ. ನಕ್ಷೆ ಹಾಗೇ ತಾಲ್ಲೂಕಿಗೆ ಹೋದರೆ ಅಷ್ಟು ಜಾಗ ಮೇವಿನ ನೆಲದ ಪಟ್ಟಿಯಿಂದ ಹೊರಕ್ಕೆ, ಸುತ್ತ ಕುರಿ ಮೇಯಿಸುವವರಿಗೆ ನೋಟಿಸು. ಅಲ್ಲಿ ಮೇಯಿಸುವವರೆಂದರೆ ಓಬಣ್ಣ. ಅರವತ್ತೆರಡರ ಪ್ರಾಯ, ನೂರಿಪ್ಪತ್ತು ಕುರಿ, ಬೇರೆ ಹುಲ್ಲಿಲ್ಲ.

ಜಯಶೀಲಾ ಹೋಗಿ ನೋಡಿದರೆ ನೇಗಿಲ ಸಾಲಿಲ್ಲ, ಬದುವಿಲ್ಲ, ಕೂಳೆಯಿಲ್ಲ. ಮಚ್ಚೆಗಳೋ ಗುಂಡಗಿವೆ. "ಗುಂಡಗೆ ಹೊಲ ಯಾರು ಹೂಡ್ತಾರೆ ಹೇಳ್ರಿ?" ಚಪ್ಪಲಿಯಿಂದ ಕೆದಕಿದಾಗ ಮಣ್ಣು ಕಪ್ಪಗಿತ್ತು. ಇಲ್ಲಿ ಹಿಂದೆ ಕುರಿ ರೊಪ್ಪ, ಅಂದರೆ ರಾತ್ರಿ ಕುರಿ ಕೂಡುವ ದೊಡ್ಡಿ, ಇತ್ತಾ ಎಂದು ಓಬಣ್ಣನನ್ನು ಕೇಳಿದರು. ಆತ ಅಡ್ಡಡ್ಡ ತಲೆಯಾಡಿಸಿಬಿಟ್ಟ. ರೊಪ್ಪವೂ ಇಲ್ಲ, ಗಿಪ್ಪವೂ ಇಲ್ಲ, ನಾವಿಲ್ಲಿ ಕುರಿ ಕೂಡಿಯೇ ಇಲ್ಲ ಎಂದ. ಎರಡನೇ ಸಲ ಹೋದಾಗಲೂ ಅದೇ, ಮೂರನೇ ಸಲವೂ ಅದೇ.

ಓಬಣ್ಣ ಸುಳ್ಳು ಹೇಳುತ್ತಿದ್ದ. ಯಾಕೆಂದು ನಾನು ಕೇಳಿದ್ದಕ್ಕೆ ನನ್ನನ್ನೂ ಕೆಂಗಣ್ಣಿನಿಂದ ನೋಡಿದ: "ಹಿಂದೆ ಒಬ್ರು ಬಂದು ಯಾರ್ಯಾರು ರೊಪ್ಪ ಹಾಕೀರಿ ಅಂತ ಬರ್ಕಂಡು ಹೋದ್ರು. ಮುಂದಿನ ವರ್ಷ ಆ ಮಗ್ಗುಲಿಗೆ ತಂತಿಬೇಲಿ ಬಂತು. ನೀವೂ ಬರ್ಕಂತಾ ಇದೀರಲ್ಲ?" ಪೆನ್ನು ಜೇಬಿಗಿಟ್ಟೆ.

ತನ್ನ ಹುಲ್ಲನ್ನು ಉಳಿಸಲು ಹೇಳಿದ ಸುಳ್ಳೇ ಆ ಹುಲ್ಲನ್ನು ಕಳೆಯುವುದರಲ್ಲಿತ್ತು. ಎಂಥ ಸಂಕಟ! ಜಯಶೀಲಾ ಸಾಗುವಳಿ ಎಂದು ಒಪ್ಪಲಿಲ್ಲ. ಒಂಬತ್ತೂ ಚೌಕಗಳನ್ನು ಖಾಲಿ ಬಿಟ್ಟರು, ಕಚೇರಿಯಿಂದ ಬೈಸಿಕೊಂಡರು, ನಾಲ್ಕನೇ ಸಲ ಹೋಗಿ ನೇರವಾಗಿ ಹೇಳಿದರು: "ನೋಡಣ್ಣ, ನೀನು ಇಲ್ಲ ಅಂದ್ರೆ ಇದು ಹೊಲ ಆಗ್ತೈತೆ. ಹೊಲ ಆದ್ರೆ ನಿನಗೆ ನೋಟಿಸು. ನನ್ನ ನಂಬಬ್ಯಾಡ, ಚಿತ್ರ ನೋಡು."

ಓಬಣ್ಣ ಕುಕ್ಕರಗಾಲಲ್ಲಿ ಕೂತು ಮೊಬೈಲನ್ನು ಬಹಳ ಹೊತ್ತು ನೋಡಿದ. ಆಮೇಲೆ ಬೆರಳಿಟ್ಟ. "ಇದು ನಮ್ಮಪ್ಪಂದು. ಇದು ದೊಡ್ಡಪ್ಪಂದು. ಇದ್ರಾಗೆ ನಾವು ಮೂರು ವರ್ಷ ಕುರಿ ಕೂಡಿದ್ವಿ. ಎಲ್ಲಿ ಕುರಿ ಮಲಗಿತ್ತೋ ಅಲ್ಲಿ ಹುಲ್ಲು ತಡವಾಗಿ ಒಣಗ್ತೈತೆ ಕಣವ್ವ." ಹೀಗೆ ಒಂಬತ್ತಕ್ಕೂ ಒಡೆಯರ ಹೆಸರು ಹೇಳಿದ. ಕಂಪ್ಯೂಟರಿಗೆ ಗೊತ್ತಾಗದ್ದನ್ನು ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಗಳಿಗೆಯಲ್ಲಿ ಓದಿ ಮುಗಿಸಿದ. ನನಗೆ ಇದನ್ನು ಕೇಳಿ ಹೊಟ್ಟೆ ತುಂಬಿತು.

ಕಚೇರಿ ಅಷ್ಟಕ್ಕೇ ನಂಬುತ್ತದೆಯೇ? ಕುರಿಯವನ ಮಾತು ಪುರಾವೆಯಲ್ಲ ಎಂದು ನಕ್ಷೆ ತಯಾರಿಸುವ ಸುಷ್ಮಿತಾ ತಾವೇ ಗುದ್ದಲಿ ಹಿಡಿದು ಬಂದರು. ಮೂರನೇ ಮಚ್ಚೆಯನ್ನು ಅಗೆದರೆ ಗೇಣು ದಪ್ಪದ ಕುರಿಹಿಕ್ಕೆಯ ಪದರ. ಬೇರೆ ಎರಡನ್ನೂ ಅಗೆಸಿದರು, ಅಲ್ಲೂ ಅದೇ. ಕಳೆದ ವಾರ ಒಂಬತ್ತೂ ಚೌಕಗಳು ಹುಲ್ಲುಗಾವಲಿನ ಬಣ್ಣಕ್ಕೆ ತಿರುಗಿವೆ, ನೋಟಿಸಿನ ಪಟ್ಟಿಯಲ್ಲಿ ಓಬಣ್ಣನ ಹೆಸರಿಲ್ಲ. ಆದರೂ ಆತ ಜಯಶೀಲಾರನ್ನು ಪೂರ್ತಿ ನಂಬಿದಂತಿಲ್ಲ. ಇವತ್ತೂ ದೂರದಿಂದಲೇ ಮಾತಾಡಿಸಿ, ಮುಂದಿನ ಸಲ ಯಾರನ್ನು ಕರಕೊಂಡು ಬರ್ತೀಯ ಎಂದು ವಿಚಾರಿಸುತ್ತಾನೆ.

ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಜಯಶೀಲಾ ಹದಿನಾಲ್ಕನೇ ಚೌಕದ ಕಡೆ ನಡೆಯುತ್ತಲೇ ಉತ್ತರಿಸುತ್ತಾರೆ.

"ಅನುಮಾನ ಪಡೋದಿದ್ರೆ ನನ್ನ ಮೇಲೆ ಪಡ್ಲಿ ಸಾರ್, ಕಾವಲಿನ ಮೇಲೆ ಬ್ಯಾಡ. ನನಗಾದ್ರೆ ಬಾಯಿ ಐತೆ, ಜವಾಬು ಕೊಡ್ತೀನಿ."