ಅರಿಶಿಣ ತೋರಿಸಿದ ಗೆರೆ

೧೯೮೧ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಮರುವಾರದಿಂದಲೇ ಮೈಸೂರಿನ ಹೋಟೆಲೊಂದರಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತೆ. ಒಳ್ಳೆಯ ಕೈಕೆಲಸ ಗುರುತಿಸುವ ಕಣ್ಣು ನನಗೆ ಅಲ್ಲಿಂದಲೇ ಬಂತು. ಹ್ಯೂಸ್ಟನ್‌ನಲ್ಲಿ ಸ್ವಂತ ಕೇಟರಿಂಗ್ ನಡೆಸುವಾಗಲೂ ಈ ಮಾತು ಹೇಳಲು ನನಗೆ ಸಂಕೋಚವಿಲ್ಲ.

೨೦೧೪ರಲ್ಲಿ ಸೀಡರ್ ಪಾರ್ಕ್‌ನ ಗೃಹಪ್ರವೇಶವೊಂದಕ್ಕೆ ಊಟ ಬಡಿಸಿ ವಾಪಸ್ ಬರುವಾಗ, ದಾರಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಜಾಡಿಯೊಂದು ಕಂಡಿತು. ನಮ್ಮ ಉಪ್ಪಿನಕಾಯಿ ಜಾಡಿಯ ಜಾತಿಯದೇ, ಆದರೆ ಅಮೆರಿಕದ್ದು, ನೂರೈವತ್ತು ವರ್ಷ ಹಳೆಯದು. ಜಾಡಿ ಸುಡುವ ಗೂಡಿಗೆ ಉಪ್ಪು ಎಸೆಯುತ್ತಿದ್ದರಂತೆ. ಅದಕ್ಕೇ ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಗುಳಿ, ಮೇಲೆ ಗಾಜಿನ ಹೊಳಪು. ಬೂದು ಮೈಯ ಮೇಲೆ ಕೋಬಾಲ್ಟ್ ನೀಲಿಯ ಒಂದು ಹಕ್ಕಿ. ಕೊಕ್ಕಿನಿಂದ ಬಾಲದವರೆಗೆ ಕುಂಚ ಎಲ್ಲೂ ತಡವರಿಸಿಲ್ಲ. ದಿನವಿಡೀ ಇಂಥ ಹಕ್ಕಿ ಬರೆದು, ಹೆಸರು ಹಾಕದೆ ಹೋದ ಯಾವನೋ ಕೆಲಸಗಾರ. ಕಾವಲಿಯ ಮೇಲೆ ಮೂವತ್ತು ವರ್ಷ ದೋಸೆ ಹುಯ್ದ ನನಗೆ ಆ ಕೈ ಪರಿಚಯದ್ದೆನಿಸಿತು. ಬೆರಳಿನಿಂದ ಬಡಿದು ನೋಡಿದೆ. ಗಂಟೆಯ ಸದ್ದು, ಅಂದರೆ ಬಿರುಕಿಲ್ಲ. ಕೊಂಡು ತಂದೆ.

ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಿವೃತ್ತ ಡಾಕ್ಟರೊಬ್ಬರಿಗೂ ನನ್ನ ಹಾಗೇ ಇಂಥ ಹಳೇ ಜಾಡಿ ಕೂಡಿಡುವ ಹುಚ್ಚು. ಅವರ ಬಳಿ ನೀಲಿ ಹೂವಿನ ಹೂಜಿಯೊಂದಿತ್ತು. ಅದಕ್ಕಾಗಿ ನಾನು ಎರಡು ವರ್ಷ ಕಾದಿದ್ದೆ. ಕೊನೆಗೆ ಹಕ್ಕಿಯ ಜಾಡಿಗೆ ಬದಲಾಗಿ ಅದನ್ನು ಕೊಡಲು ಒಪ್ಪಿದರು.

"ಬಿರುಕಿಲ್ಲ ಸರ್, ನನ್ನ ಕಿವಿ ಗ್ಯಾರಂಟಿ" ಎಂದಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಗ್ರೈಂಡರ್, ಚಾಕು, ವ್ಯಾನಿಗೆಲ್ಲ ಅರಿಶಿಣ ಕುಂಕುಮ ಹಚ್ಚಿ, ಜಾಡಿಗೂ ಧಾರಾಳವಾಗಿ ಬಳಿದೆ.

"ಅದೂ ಆಯುಧಾನಾ?" ಎಂದಳು ಹೆಂಡತಿ.

"ಅಡುಗೆಯವನಿಗೆ ಜಾಡಿ ಆಯುಧ ಅಲ್ದೆ ಮತ್ತೇನೇ?"

ಮರುದಿನ ಒರೆಸಿದಾಗ ಎಲ್ಲ ಹೋಯಿತು; ಬಾಯಂಚಿನಿಂದ ಹಕ್ಕಿಯ ಬಾಲದವರೆಗೆ ಕೂದಲೆಳೆಯಷ್ಟು ಹಳದಿ ಗೆರೆ ಮಾತ್ರ ಉಳಿಯಿತು. ಕಣ್ಣಿಗೂ ಕಿವಿಗೂ ಸಿಗದ ಬಿರುಕಿನೊಳಗೆ ಅರಿಶಿಣ ಇಳಿದಿತ್ತು.

"ಎರಡು ದಿನ ಬಿಸಿಲಿಗಿಡಿ, ಅರಿಶಿಣ ತಾನೇ ಹೋಗತ್ತೆ. ಡಾಕ್ಟ್ರು ಬರೋದು ಭಾನುವಾರ ಅಲ್ವಾ?" ಎಂದಳು.

ಟೆಕ್ಸಾಸಿನ ಬಿಸಿಲಿಗೆ ಒಂದು ದಿನವೇ ಸಾಕಿತ್ತು. ಜಾಡಿಯನ್ನು ಹಿತ್ತಿಲ ಬಾಗಿಲವರೆಗೆ ಒಯ್ದೆ. ಕೊಟ್ಟ ಮಾತು ನೆನಪಾಗಿ ವಾಪಸ್ ತಂದು ಕಪಾಟಿನಲ್ಲಿಟ್ಟೆ.

ಭಾನುವಾರ ಡಾಕ್ಟರಿಗೆ ನಾನೇ ಗೆರೆ ತೋರಿಸಿದೆ. ಅದರ ಮೇಲೆ ಉಗುರಾಡಿಸಿ ನಕ್ಕರು. "ಏನ್ರಿ, ನಿಮ್ಮ ಕಿವಿ ಗ್ಯಾರಂಟಿ ಎಲ್ಲಿ ಹೋತು?"

"ಇವತ್ತಿಗೆ ಮುಗೀತು ಸರ್."

ಹೂಜಿ ಅವರ ಕಾರಿನಿಂದ ಇಳಿಯಲೇ ಇಲ್ಲ. ಹೊರಡುವಾಗ, "ಒಂದೀಟು ಅರಿಶಿಣ ಕಟ್ಟಿ ಕೊಡ್ರಿ, ನಮ್ಮನ್ಯಾಗಿನವೂ ನೋಡೂಣು" ಎಂದರು.

ವಾರದ ನಂತರ ಅವರ ಫೋನ್. "ಮೂರು ಸೀಳ್ಯಾವ್ರಿ. ಆ ಹೂಜಿನೂ ಅದರಾಗ ಒಂದು. ಸೀಳಿದ್ದಕ್ಕ ಸೀಳಿದ್ದು, ಈಗರ ಬದ್ಲಿ ಮಾಡೂಣೇನು?"

"ಬೇಡ ಸರ್" ಎಂದೆ. ಆ ಹೊತ್ತಿಗೆ ಹಕ್ಕಿಯನ್ನು ಕೊಡುವ ಮನಸ್ಸು ನನಗೆ ಉಳಿದಿರಲಿಲ್ಲ.

ಈಗ ನನ್ನಲ್ಲಿ ಹನ್ನೊಂದು ಜಾಡಿಗಳಿವೆ. ಹತ್ತು ಬಿರುಕಿಲ್ಲದವು, ಒಂದು ಹಳದಿ ಗೆರೆಯದು.